ನೀಲಿ ದಾರದ ಆಚೆಯ ಅಂಗಳ

ಸೆರಿ ಕೆನಾಂಗಾ ಬಡಾವಣೆಯ ಮನೆಗಳಿಗೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ, ಅಷ್ಟರಲ್ಲೇ ಗಂಡಸರು ಅಂಗಳ ಅಳೆಯಲು ಶುರುಮಾಡಿದ್ದರು. ಸಂಜೆಯಾದರೆ ಕ್ವಾಲಾ ಕಾಂಗ್ಸಾರ್ ಪೇಟೆಯ ಕಡೆಯಿಂದ ಮೋಟರ್‌ಸೈಕಲ್ಲುಗಳು ಬಂದು ಮರಳಿನ ರಾಶಿಯ ಪಕ್ಕ ನಿಲ್ಲುತ್ತಿದ್ದವು. ಒಬ್ಬೊಬ್ಬರೂ ತಮ್ಮ ಜಾಗದ ಉದ್ದಗಲಕ್ಕೆ ಹೆಜ್ಜೆ ಹಾಕಿ, ಪಕ್ಕದವನ ಜಾಗವನ್ನು ಓರೆಗಣ್ಣಿನಿಂದ ನೋಡಿ, ಅಲ್ಲಿಗೂ ನಾಲ್ಕು ಹೆಜ್ಜೆ ಹಾಕಿ, ಸುಮ್ಮನೆ ಅಡ್ಡಾಡುತ್ತಿರುವವರಂತೆ ಆಕಾಶ ನೋಡುತ್ತಿದ್ದರು.

ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳ ಸಾಲು ಅದು. ನಡುವಿನ ಮನೆಗಳ ಮುಂದೆ ಒಂದು ಕಾರು ನಿಲ್ಲಿಸಿದರೆ ಅಂಗಳ ಮುಗಿದುಹೋಗುತ್ತಿತ್ತು. ಎರಡು ತುದಿಯ ಮೂಲೆ ಮನೆಗಳಿಗೆ ಮಾತ್ರ ಮುಂದೆ, ಪಕ್ಕದಲ್ಲಿ, ಹಿಂದೆ ಎಂದು ಮೂರು ಕಡೆಯೂ ಅಂಗಳ. ಯಾರಿಗೆ ಯಾವ ಮನೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದರು. ಇದ್ರಿಸನ ಕೈಗೆ ಒಂದು ಮೂಲೆ ಬಂತು. ಇನ್ನೊಂದು ಮೂಲೆ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿದ್ದ ಬಹ್ರಿನ್ ಮೇಷ್ಟರ ಪಾಲಾಯಿತು. ಅಂದಿನಿಂದಲೇ ಇಬ್ಬರ ಸ್ನೇಹ ಕೆಟ್ಟಿತೆನ್ನಬೇಕು, ಅಥವಾ ನಿಜವಾಗಿ ಶುರುವಾಯಿತೆನ್ನಬೇಕು.

ಇದ್ರಿಸ ಜಲಮಂಡಳಿಯಲ್ಲಿ ಮೀಟರು ಓದುತ್ತಿದ್ದವನು. ಬದುಕಿಡೀ ಊರಿನವರ ಅಂಗಳಗಳನ್ನು ಹೊಕ್ಕು, ಹೂಕುಂಡಗಳ ಹಿಂದೆ ಬಗ್ಗಿ, ನಾಯಿಗಳಿಂದ ಬೈಸಿಕೊಂಡು ಹೊರಬಂದವನು. ಯಾರ ಅಂಗಳದ ರಂಬುತಾನ್ ಹಣ್ಣು ಕೆಂಪಾಗಿದೆ, ಯಾರ ಅಂಗಳದಲ್ಲಿ ಹಳೇ ಕಾರು ತುಕ್ಕು ಹಿಡಿಯುತ್ತಿದೆ, ಎಲ್ಲ ಅವನಿಗೆ ಗೊತ್ತು. ಅವನದು ಮಾತ್ರ ಮಂಡಳಿಯ ವಸತಿಗೃಹದ ಮೂರನೆಯ ಮಹಡಿ. ಅಲ್ಲಿ ಅಂಗಳವೆಂದರೆ ಬಟ್ಟೆ ಒಣಹಾಕುವ ಬಾಲ್ಕನಿ. ಹಾಗಾಗಿ ಚೀಟಿ ಬಂದ ದಿನವೇ ಹೆಂಡತಿ ಕಮರಿಯಾಳನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು, ಅಳತೆಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, “ಇಲ್ಲೇ ನಿಂತ್ಕೋ, ಅಲ್ಲಾಡ್ಬೇಡ” ಎಂದ.

ಕಮರಿಯಾ ನಿಂತಳು. ಇದ್ರಿಸ ಟೇಪು ಎಳೆಯುತ್ತ ಹಿಂದೆ ಹಿಂದೆ ಹೋದ. ಇಟ್ಟಿಗೆ ರಾಶಿ ದಾಟಿ ಇನ್ನೂ ಹೋದ.

“ನೋಡಿದ್ಯಾ?” ಎಂದು ಅಲ್ಲಿಂದ ಕೂಗಿದ.

“ನೋಡ್ದೆ ಬಾಂಗ್. ಇಷ್ಟನ್ನೂ ಗುಡಿಸೋರು ಯಾರು?” ಎಂದಳು ಕಮರಿಯಾ. ಅಲ್ಲಿನ ಹೆಂಗಸರು ಗಂಡನನ್ನು ಕರೆಯುವುದು ಬಾಂಗ್ ಎಂದೇ.

“ಗುಡಿಸೋದೇನ್ ಬಂತು? ಅಂಗಳ ಕಣೇ ಇದು! ಅದರ ಪಾಡಿಗೆ ಅದು ಇರುತ್ತೆ.”

ಕಮರಿಯಾ ಬೇಲಿಯ ಆಚೆ ಕಣ್ಣು ಹಾಯಿಸಿದಳು. ರಸ್ತೆಯ ಅಂಚಿನಲ್ಲಿ, ಬಡಾವಣೆಯವರು ಕಡಿಯದೆ ಬಿಟ್ಟ ದೊಡ್ಡ ಬಾದಾಮಿ ಮರವೊಂದಿತ್ತು. ಎಲೆಗಳು ಒಂದೊಂದೂ ತಿಂಡಿ ತಟ್ಟೆಯಷ್ಟು. ಅರ್ಧ ಮರ ಆಗಲೇ ಅವರ ಜಾಗದ ಮೇಲೆ ಒರಗಿತ್ತು.

“ಆ ಮರ ನಮ್ಮ ಅಳತೇಲಿ ಸೇರುತ್ತಾ?”

“ಅದು ಸರಕಾರದ್ದು.”

“ಮರ ಸರಕಾರದ್ದು, ಎಲೆ ನಂದು,” ಎಂದಳು ಕಮರಿಯಾ. ಇದ್ರಿಸನಿಗೆ ಕೇಳಿಸಲಿಲ್ಲ. ಅವನು ಆಗಲೇ ಮನೆಯ ಪಕ್ಕದ ಅಂಗಳದಲ್ಲಿ ಎಷ್ಟು ಶಾಮಿಯಾನ ಹಿಡಿಸುತ್ತದೆ ಎಂದು ಲೆಕ್ಕ ಹಾಕುತ್ತಿದ್ದ.

ಅಂಗಳವೆಂದರೇನು ಎಂಬುದನ್ನು ಕಮರಿಯಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹುಟ್ಟಿದ್ದು ಪೆರಾಕ್ ಹೊಳೆಯ ದಂಡೆಯ ಹಳ್ಳಿಯಲ್ಲಿ. ಕಡ್ಡಿಪೊರಕೆಗಿಂತ ಒಂದು ಗೇಣು ಎತ್ತರವಾದ ದಿನದಿಂದ ತವರಿನ ಅಂಗಳ ಅವಳದ್ದೇ. ಬೆಳಗಿನ ನಮಾಜು ಮುಗಿಸಿ ಅಪ್ಪ, ಅಣ್ಣಂದಿರು ಕಾಫಿಗೆ ಕೂರುವ ಹೊತ್ತಿಗೆ ಅವಳು ಹೊರಗೆ ಬಗ್ಗಿರಬೇಕಿತ್ತು. ಮಣ್ಣಿನ ಮೇಲೆ ಪೊರಕೆಯ ಗೆರೆಗಳು ಮೀನಿನ ಮುಳ್ಳಿನಂತೆ ಸಾಲಾಗಿ ಮೂಡಬೇಕು, ಆ ಗೆರೆಗಳ ಮೇಲೆ ತನ್ನದೇ ಹೆಜ್ಜೆಗುರುತು ಬೀಳಬಾರದು. ಹೆಣ್ಣು ನೋಡಲು ಬಂದ ಇದ್ರಿಸನ ತಾಯಿ ಕಮರಿಯಾಳ ಮುಖವನ್ನು ಆಮೇಲೆ ನೋಡಿದ್ದು. ಮೊದಲು ನೋಡಿದ್ದು ಆ ಗೆರೆಗಳನ್ನು. “ಹುಡುಗಿ ಚುರುಕಾಗಿದಾಳೆ” ಎಂದು ಗೇಟಿನಲ್ಲೇ ತೀರ್ಪು ಕೊಟ್ಟಿದ್ದರು.

ಮದುವೆಯಾಗಿ ಮೂರನೆಯ ಮಹಡಿಗೆ ಬಂದಾಗ ನೆಂಟರೆಲ್ಲ ಅಯ್ಯೋ ಪಾಪ ಎಂದರು, ಮಣ್ಣಿಲ್ಲ, ಮರವಿಲ್ಲ, ಒಂದು ಕೋಳಿಯೂ ಇಲ್ಲ ಎಂದು. ಕಮರಿಯಾಳೂ ಅವರೆದುರಿಗೆ ಮುಖ ಸಣ್ಣದು ಮಾಡಿಕೊಂಡಳು. ಒಳಗೊಳಗೇ ಅವಳಿಗೆ ಹಬ್ಬವಾಗಿತ್ತು. ಬೆಳಗ್ಗೆ ಎದ್ದರೆ ಎರಡು ಕೋಣೆ ಗುಡಿಸಿದರಾಯಿತು! ಹೀಗೆ ಉಳಿದ ಬೆಳಕಿನಲ್ಲಿ ಅವಳು ಅಜ್ಜಿಯಿಂದ ಕಲಿತಿದ್ದ ತೆಕಾತ್ ಕಸೂತಿಯನ್ನು ಮತ್ತೆ ಹಿಡಿದಳು. ಮರದ ಚೌಕಟ್ಟಿಗೆ ಮಖಮಲ್ ಬಟ್ಟೆ ಬಿಗಿದು, ಹೂವಿನ ಆಕಾರಕ್ಕೆ ಕತ್ತರಿಸಿದ ರಟ್ಟನ್ನು ಅದರ ಮೇಲಿಟ್ಟು, ಆ ರಟ್ಟು ಕಾಣದಂತೆ ಜರಿದಾರವನ್ನು ಅತ್ತಿಂದಿತ್ತ ಹಾಯಿಸಿ, ಬಟ್ಟೆಯ ಅಡಿಯಿಂದ ಒಂದೊಂದೇ ಹೊಲಿಗೆ ಹಾಕುವ ಕೆಲಸ. ಮದುಮಕ್ಕಳು ಕೂರುವ ಹಸೆಯ ದಿಂಬುಗಳಿಗೆ ಅದೇ ಶೋಭೆ. ಆದರೆ ಜರಿದಾರಕ್ಕೆ ನಾಜೂಕು ಜಾಸ್ತಿ. ಬೆರಳು ಸ್ವಲ್ಪ ಒರಟಾಗಿದ್ದರೂ ಅದು ಸಿಕ್ಕಿಕೊಂಡು, ಮೇಲಿನ ಹೊನ್ನಿನ ಸುತ್ತು ಬಿಚ್ಚಿ ಒಳಗಿನ ಬಿಳಿ ನೂಲು ಇಣುಕುತ್ತದೆ.

ಒಬ್ಬಳೇ ಮಗಳು ಯುಸ್ನಿತಾಳ ಮದುವೆ ವರ್ಷದ ಕೊನೆಯ ಶಾಲಾ ರಜೆಗೆ ಗೊತ್ತಾಗಿತ್ತು. ಹಸೆಯ ದಿಂಬು, ಎಲೆಯಡಿಕೆ ಪೆಟ್ಟಿಗೆಯ ಹೊದಿಕೆ, ಬೀಸಣಿಗೆ, ಎಲ್ಲವೂ ತನ್ನ ಕೈಯಿಂದಲೇ ಆಗಬೇಕೆಂದು ಕಮರಿಯಾ ಮಗಳು ಹುಟ್ಟಿದಾಗಿನಿಂದ ಅಂದುಕೊಂಡಿದ್ದಳು.

ಹೊಸ ಮನೆಗೆ ಬಂದ ಮೇಲೆ ಚೌಕಟ್ಟನ್ನು ಪಕ್ಕದ ಕಿಟಕಿಯ ಬಳಿ ಇಟ್ಟಳು. ಬೆಳಕೇನೋ ಚೆನ್ನಾಗಿತ್ತು. ಆದರೆ ಆ ಬೆಳಕು ಇರುವಾಗಲೆಲ್ಲ ಅವಳು ಕಿಟಕಿಯ ಹೊರಗಿದ್ದಳು.

ಬಾದಾಮಿ ಮರಕ್ಕೆ ದಿನವಿಡೀ ಒಂದೇ ಕಸುಬು. ಮುಂದಿನ ಅಂಗಳ ಮುಗಿಸಿ ಪಕ್ಕಕ್ಕೆ ಬರುವಷ್ಟರಲ್ಲಿ ಮುಂದೆ ಹತ್ತು ಎಲೆ. ಹಿಂದಕ್ಕೆ ಹೋಗುವಷ್ಟರಲ್ಲಿ ಪಕ್ಕದಲ್ಲಿ ಇಪ್ಪತ್ತು. ಮಳೆ ಬಂದರೆ ಹುಲ್ಲು ಮೊಣಕಾಲಿಗೆ ಬರುತ್ತಿತ್ತು. ಇದ್ರಿಸನಿಗೂ ಅಂಗಳದಲ್ಲಿ ಬಿಡುವಿರಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೂರು ಕಡೆಯೂ ನಡೆದಾಡಬೇಕಿತ್ತು. “ಅಲ್ಲೊಂದು ಬಿಟ್ಟೆ ನೋಡು” ಎಂದು ಎಲೆ ತೋರಿಸಬೇಕಿತ್ತು. ಬಂದವರಿಗೆ ಅಂಗಳ ಸುತ್ತಿಸಿ, “ನಡುವಿನ ಮನೆಗಳಲ್ಲಿ ಉಸಿರಾಡೋಕೆ ಜಾಗ ಎಲ್ಲಿದೆ ಹೇಳಿ?” ಎಂದು ಕೇಳಬೇಕಿತ್ತು. ಸಂಜೆ ಬಹ್ರಿನ್ ಮೇಷ್ಟರು ಬಂದರೆ ಅದೇ ವಾದ.

“ನಿಂದು ಚೌಕ ಇದೆ ಇದ್ರಿಸ್, ಒಪ್ಕೋತೀನಿ. ನಂದು ಬಾಗಿದೆ. ಬಾಗಿದ್ದಕ್ಕೆ ವಿಸ್ತೀರ್ಣ ಹೆಚ್ಚು.”

“ಆ ಬಾಗು ಚರಂಡಿ ಮೇಷ್ಟ್ರೇ. ಚರಂಡಿಲಿ ಶಾಮಿಯಾನ ಹಾಕ್ತೀರಾ?”

ಇಬ್ಬರ ಅಂಗಳಗಳ ಕೀರ್ತಿ ಹಬ್ಬಿದ ಮೇಲೆ ಸಾಲಿನಲ್ಲಿ ಯಾರ ಮನೆಯ ಔತಣವಾದರೂ ಅಡುಗೆಯ ಒಲೆ, ಹಂಡೆಗಳು ಮೂಲೆ ಮನೆಗೆ ಬಂದವು. ನಾಲ್ಕನೆಯ ಮನೆಯ ಕೂಸಿನ ಜವಳ ತೆಗೆದದ್ದೂ ಇದ್ರಿಸನ ಅಂಗಳದಲ್ಲೇ. “ನಮ್ಮದೇ ಅಂದ್ಕೊಳ್ಳಿ, ಧಾರಾಳವಾಗಿ ಬನ್ನಿ” ಎಂದು ಅವನು ಎದೆಯುಬ್ಬಿಸಿದ. ಊಟ ಮುಗಿದು ಎಲ್ಲರೂ ಹೋದ ಮೇಲೆ ರೆಂದಾಂಗ್ ಮಾಂಸದಡುಗೆ ತಳಹಿಡಿದ ಹಂಡೆಯ ಮುಂದೆ ಕಮರಿಯಾ ಬೂದಿ ಹಿಡಿದು ಕೂತಿದ್ದಳು.

ಪಕ್ಕದ ಮನೆಯ ಲೆಚ್ಚುಮಿ ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಬೇಲಿಯ ಮೇಲಿಂದ ಇಣುಕಿದಳು. “ಅಕ್ಕಾ, ನಿಮ್ಮೆಜಮಾನ್ರು ಅಂಗಳ ತೋರಿಸ್ತಾರೆ, ನಿಮ್ಮ ಸೊಂಟ ತೋರಿಸಲ್ವಲ್ಲ?”

“ಅದಕ್ಕೂ ಟೇಪು ಹಿಡಿದಾರು, ಸುಮ್ನಿರು ಮಾರಾಯ್ತಿ.”

ಮರುದಿನ ಮಧ್ಯಾಹ್ನ ಕಮರಿಯಾ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ಒರೆಸಿ, ಚೌಕಟ್ಟಿನ ಮುಂದೆ ಕೂತಳು. ದೊಡ್ಡ ದಿಂಬಿನ ನಡುವಿನ ಹೂವು. ಮೂರನೆಯ ಎಸಳು ತುಂಬುವಾಗ ಹೆಬ್ಬೆರಳಿನ ಬುಡದಲ್ಲಿ ಪೊರಕೆಯಿಂದ ಎದ್ದಿದ್ದ ದಡ್ಡಿಗೆ ಜರಿದಾರ ಸಿಕ್ಕಿತು. ಬಿಡಿಸಲು ಹೋದಳು, ಇನ್ನಷ್ಟು ಸಿಕ್ಕಿತು. ಹೊನ್ನು ಬಿಚ್ಚಿ ಬಿಳಿ ನೂಲು ಹಲ್ಲು ಕಿಸಿಯಿತು. ಎಸಳನ್ನು ಪೂರ್ತಿ ಬಿಚ್ಚಿ ಮತ್ತೆ ಶುರುಮಾಡಿದಳು. ಮತ್ತೆ ಸಿಕ್ಕಿತು. ಬೆಳಕು ಹೋಯಿತು.

ಆ ಸಂಜೆಯೇ ಇಪೋ ಪಟ್ಟಣದಿಂದ ಯುಸ್ನಿತಾ ಫೋನು ಮಾಡಿದಳು. “ಅಮ್ಮಾ, ನಿನಗ್ಯಾಕೆ ಈ ವಯಸ್ಸಲ್ಲಿ ತೊಂದರೆ? ಇಲ್ಲಿ ಅಂಗಡೀಲಿ ಮೆಷಿನ್ ಕಸೂತಿ ದಿಂಬು ಬಾಡಿಗೆಗೆ ಸಿಗುತ್ತೆ. ದೂರದಿಂದ ಯಾರಿಗೂ ಗೊತ್ತಾಗಲ್ಲ. ವಾರದೊಳಗೆ ಹೇಳು, ಹಿಡಿದಿಡ್ತೀನಿ.”

“ನಿನಗೆ ಗೊತ್ತಾಗುತ್ತಲ್ಲ,” ಎಂದಳು ಕಮರಿಯಾ.

“ನನಗೇನಮ್ಮ, ನಾನು ಅದರ ಮೇಲೆ ಕೂತಿರ್ತೀನಿ ಅಷ್ಟೇ!”

ಕಮರಿಯಾಳಿಗೆ ನಗು ಬಂತು, ಆದರೆ ಫೋನಿಟ್ಟ ಮೇಲೆ ಆ ನಗು ಉಳಿಯಲಿಲ್ಲ. ಅಂಗಳವೋ ದಿಂಬೋ, ಎರಡೂ ಈ ಎರಡು ಕೈಗಳಿಂದ ಆಗುವುದಿಲ್ಲ. ಅಂಗಳವನ್ನು ಅವಳು ಕೇಳಿರಲಿಲ್ಲ.

ಬೆಳಗಾದ ಮೇಲೆ ಇದ್ರಿಸ ಕಾಫಿ ಲೋಟ ಹಿಡಿದು ಹೊರಗೆ ಬಂದವನು ಎಡವಿ ಬೀಳುವುದರಲ್ಲಿದ್ದ. ಅಂಗಳಕ್ಕೆ ಅಡ್ಡಲಾಗಿ, ಮೊಣಕಾಲಿನ ಎತ್ತರಕ್ಕೆ, ಗೇಟಿನಿಂದ ಮನೆಯ ಮೂಲೆಯವರೆಗೆ ನೀಲಿ ಪ್ಲಾಸ್ಟಿಕ್ ದಾರ ಬಿಗಿದಿತ್ತು. ದಾರದ ಈಚೆ ನೆಲದ ಮೇಲೆ ಮೀನಿನ ಮುಳ್ಳಿನಂಥ ಗೆರೆಗಳು. ಆಚೆ ನಿನ್ನೆಯ ಎಲೆ, ಇವತ್ತಿನ ಎಲೆ.

“ಇದೇನೇ ಇದು? ಬಟ್ಟೆ ಒಣಹಾಕೋಕಾ?”

“ಲೆಚ್ಚುಮಿ ಮನೆ ಅಂಗಳದಷ್ಟೇ ಅಗಲಕ್ಕೆ ಕಟ್ಟಿದೀನಿ ಬಾಂಗ್. ನಿಮ್ಮ ಟೇಪಿಂದಲೇ ಅಳೆದೆ, ಬೇಕಾದ್ರೆ ನೋಡ್ಕೊಳ್ಳಿ. ನನಗೆ ನಡುವಿನ ಮನೆಯೇ ಸಾಕಿತ್ತು. ಇದು ನನ್ನ ಅಂಗಳ. ಮಿಕ್ಕಿದ್ದು ನೀವು ಬಯಸಿದ್ದು.”

“ತಮಾಷೆ ಮಾಡ್ತೀಯಾ? ಜನ ಏನಂದಾರು?”

“ದೊಡ್ಡ ಅಂಗಳ ಅಂತಾರೆ.”

ಅಷ್ಟು ಹೇಳಿ ಅವಳು ಒಳಗೆ ಹೋಗಿ ಚೌಕಟ್ಟಿನ ಮುಂದೆ ಕೂತಳು. ಬೆರಳಿನ ದಡ್ಡು ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಅಲ್ಲಿಯವರೆಗೆ ರಟ್ಟಿನ ಎಲೆಬಳ್ಳಿಗಳನ್ನಾದರೂ ಕತ್ತರಿಸಿಕೊಳ್ಳಬಹುದಿತ್ತು.

ಇದ್ರಿಸ ಎರಡು ದಿನ ಬಿಗುಮಾನದಿಂದಿದ್ದ. ಎಲೆ ತಾನಾಗಿಯೇ ಗೊಬ್ಬರವಾಗುತ್ತದೆಂದು ಸಾರಿದ. ಎಲೆ ಗೊಬ್ಬರವಾಗಲಿಲ್ಲ, ಬಿದ್ದದ್ದರ ಮೇಲೆ ಮತ್ತಷ್ಟು ಬಿತ್ತು. ಮಳೆ ಬಂತು, ಹುಲ್ಲು ಎದ್ದಿತು. ಯಾರದೋ ಕೋಳಿ ಮರಿಗಳ ಸಮೇತ ಬಂದು ಸಂಸಾರ ಹೂಡಿತು. ವಾರದ ಕೊನೆಗೆ ಚರಂಡಿಯಿಂದ ಒಂದು ಉಡ ಹತ್ತಿ ಬಂದು, ನಾಲಗೆ ಚಾಚುತ್ತ, ಇದ್ರಿಸನಿಗಿಂತಲೂ ಗತ್ತಿನಿಂದ ಅಂಗಳದ ಮೂರು ಕಡೆಯನ್ನೂ ಸುತ್ತಿ ನೋಡಿತು.

“ಅಂಗಳ ನೋಡೋಕೆ ಬಂದಿದೆ ಅಣ್ಣಾ, ಸುತ್ತಿಸಿ ತೋರಿಸಿ!” ಎಂದು ಲೆಚ್ಚುಮಿ ಬೇಲಿಯ ಮೇಲಿಂದ ಕೂಗಿದಳು.

ಅದೇ ಸಂಜೆ ಬಹ್ರಿನ್ ಮೇಷ್ಟರು ಗೇಟಿನಲ್ಲಿ ನಿಂತು ಕನ್ನಡಕ ಒರೆಸಿಕೊಂಡರು. “ಇದ್ರಿಸ್, ಅಳೆಯೋಣ ಅಂತ ಬಂದೆ. ಇದರ ಕೆಳಗೆ ಅಂಗಳ ಇನ್ನೂ ಇದೆಯೇನಪ್ಪಾ?”

ಮರುದಿನ ಇದ್ರಿಸ ಕಡ್ಡಿಪೊರಕೆ ಹಿಡಿದ. ದೋಣಿಯ ಹುಟ್ಟು ಹಿಡಿದಂತೆ ಎರಡೂ ಕೈಯಿಂದ ಹಿಡಿದು, ಎಲೆಗಳನ್ನು ನೂಕುವ ಬದಲು ಹೊಡೆಯುತ್ತಿದ್ದ. ಅದಕ್ಕಿಂತ ಕಷ್ಟವಾದದ್ದು ಮಾನ ಕಾಪಾಡಿಕೊಳ್ಳುವುದು. ರಸ್ತೆಯಲ್ಲಿ ಯಾರಾದರೂ ಬಂದ ಸದ್ದಾದರೆ ಪೊರಕೆಯನ್ನು ಬೇಲಿಯ ಹಿಂದೆ ತಳ್ಳಿ, ಜೇಬಿನಿಂದ ಟೇಪು ತೆಗೆದು ನೆಲದ ಮೇಲೆ ಹಾಸಿ ಕುಕ್ಕರಗಾಲಲ್ಲಿ ಕೂರುತ್ತಿದ್ದ.

“ಮತ್ತೆ ಅಳೀತಿದೀರಾ ಇದ್ರಿಸಣ್ಣ?”

“ಹೂಂ, ಒಂಚೂರು ಅನುಮಾನ ಇತ್ತು.”

ಅನುಮಾನ ಸಾಲಿನ ಉದ್ದಕ್ಕೂ ಹರಡಿತು. ದಿನವೂ ಬೆಳಗ್ಗೆ ಅಳೆಯುತ್ತಾನೆಂದರೆ ಏನೋ ಇರಬೇಕು! ಬೇಲಿ ಮುಂದಕ್ಕೆ ಸರಿಸುತ್ತಾನೋ, ಹೊಸ ನಕ್ಷೆ ಬಂದಿದೆಯೋ? ಬಹ್ರಿನ್ ಮೇಷ್ಟರು ತಮ್ಮ ಮೂಲೆಯಲ್ಲಿ ಟೇಪು ಬಿಚ್ಚಿದರು. ಬಾಗಿದ ಕಡೆ ಅಳೆಯಬೇಕೆಂದರೆ ಹುಲ್ಲು ಅಡ್ಡ, ಕಿತ್ತರು. ಎಲೆ ಅಡ್ಡ, ಸರಿಸಿದರು. ನಡುವಿನ ಮನೆಗಳ ಗಂಡಸರೂ ಒಬ್ಬೊಬ್ಬರಾಗಿ ತಮ್ಮ ಅಂಗೈಯಗಲದ ಅಂಗಳಗಳಿಗೆ ಇಳಿದು, ಹೂಕುಂಡ ಎತ್ತಿಟ್ಟು, ಮೂಲೆ ಮೂಲೆ ಕೆದಕಿ ಅಳೆದರು. ವಾರದೊಳಗೆ ಸಾಲಿನಲ್ಲಿ ಒಂದೇ ಒಂದು ಎಲೆ ಇರಲಿಲ್ಲ. ಹೆಂಗಸರು ಬಾಗಿಲಲ್ಲಿ ಕಾಫಿ ಹಿಡಿದು ನಿಂತು ಈ ವಿಚಿತ್ರವನ್ನು ನೋಡಿದರು.

ಗುಟ್ಟು ಹಿಡಿದವಳು ಮೇಷ್ಟರ ಹೆಂಡತಿ ಜಬೇದಾ. ಅಡುಗೆಗೆ ಘಮ ಕೊಡುವ ಪಂದನ್ ಎಲೆ ಕೇಳಲು ಬಂದವಳಿಗೆ ಎಲೆಯ ಗುಡ್ಡೆಯೂ, ಗುಡ್ಡೆಯ ಮೇಲೆ ಮರೆತ ಟೇಪೂ, ಬೇಲಿಯ ಹಿಂದೆ ಪೊರಕೆಯೂ ಒಟ್ಟಿಗೆ ಕಂಡವು. ಆಮೇಲೆ ನೀಲಿ ದಾರ ಕಂಡಿತು. ಅವಳು ದಾರವನ್ನು ಬೆರಳಿನಿಂದ ಮೀಟಿ ನೋಡಿದಳು. ಕಿಟಕಿಯ ಬಳಿ ಬಂದು ಕಮರಿಯಾಳಿಂದ ಇಡೀ ಕತೆ ಕೇಳಿ, ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಅಲ್ಲಾ, ನಮ್ಮೋರು ಡ್ರಾಯಿಂಗ್ ಮೇಷ್ಟ್ರು. ನಲವತ್ತು ವರ್ಷ ಗೆರೆ ಎಳೆದ್ರು, ಇಂಥಾ ಗೆರೆ ಒಂದೂ ಎಳೀಲಿಲ್ಲ. ಈ ದಾರ ಇನ್ನೂ ಇದೆಯಾ ನಿನ್ ಹತ್ರ?”

“ಒಂದು ಉಂಡೆ ಇದೆ.”

“ಅರ್ಧ ಕೊಡು.”

ಲೆಚ್ಚುಮಿಗೂ ಒಂದು ತುಂಡು ಹೋಯಿತು. ಅವಳ ಅಂಗಳದಲ್ಲಿ ದಾರ ಕಟ್ಟಿದರೆ ಕಾರು ನಿಲ್ಲುತ್ತಿರಲಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ನಟ್ಟನಡುವೆ ಕಟ್ಟಿದಳಂತೆ.

ಅಲ್ಲಿಂದ ಸೆರಿ ಕೆನಾಂಗಾದಲ್ಲಿ ಅಂಗಳಗಳು ಕುಗ್ಗತೊಡಗಿದವು. ಸಂಜೆಯ ವಾದ ಹಾಗೇ ಮುಂದುವರಿಯಿತು, ಆದರೆ ತಲೆಕೆಳಗಾಗಿ.

“ಆ ಬಾಗು ಅಂಗಳವೇ ಅಲ್ಲ ಇದ್ರಿಸ್, ನೀನು ಹೇಳಿದ್ದು ಸರಿ. ಅದು ಚರಂಡಿ.”

“ಹಾಗಂದ್ರೆ ಹೇಗೆ ಮೇಷ್ಟ್ರೇ? ಬಾಗಿದ್ದಕ್ಕೆ ವಿಸ್ತೀರ್ಣ ಹೆಚ್ಚು ಅಂತ ನೀವೇ ಅಂದಿದ್ರಿ. ವಿದ್ಯಾವಂತರು ಮಾತು ಬದಲಾಯಿಸಬಾರದು.”

“ನಿಂದೇ ದೊಡ್ಡದು. ನಾನು ಒಪ್ಪಿಬಿಟ್ಟೆ.”

“ದಯವಿಟ್ಟು ಒಪ್ಪಬೇಡಿ!”

ಕೊನೆಗೆ ಒಂದು ರವಿವಾರ ಸಾಲಿನವರೆಲ್ಲ ಸೇರಿ, ಬಾಳೆಹಣ್ಣಿನ ಬಜ್ಜಿ ತಿನ್ನುತ್ತ, ಎರಡೂ ಮೂಲೆಗಳನ್ನು ಅಧಿಕೃತವಾಗಿ ಅಳೆದರು. ಇದ್ರಿಸ ಟೇಪಿನ ತುದಿಯನ್ನು ಬೇಲಿಯಿಂದ ಒಂದು ಮೊಳ ಒಳಗೆ ಹಿಡಿದ. ಮೇಷ್ಟರು ಹೊರಗೆ ಎಳೆದರು. ಮೇಷ್ಟರ ಅಂಗಳದಲ್ಲಿ ಮೇಷ್ಟರು ಒಳಗೆ ಹಿಡಿದರು; ಇದ್ರಿಸ ಹೊರಗೆ ಎಳೆದ. ಕಡೆಗೆ ಜಬೇದಾ ಮತ್ತು ಲೆಚ್ಚುಮಿ ಟೇಪು ಕಿತ್ತುಕೊಂಡು ತಾವೇ ಅಳೆದರು. ಇದ್ರಿಸನದು ಒಂದು ಪೊರಕೆಯ ಅಗಲದಷ್ಟು ದೊಡ್ಡದೆಂದು ತೀರ್ಮಾನವಾಯಿತು. ಮೇಷ್ಟರು ಎರಡೂ ಕೈಯಿಂದ ಅವನ ಕೈ ಕುಲುಕಿದರು. ಇಡೀ ವರ್ಷ ಇದೇ ಮಾತನ್ನು ಕೇಳಲು ಬಾಯಿಬಿಟ್ಟುಕೊಂಡಿದ್ದ ಇದ್ರಿಸನ ಮುಖ, ಅಂದು ನೀರು ನಿಂತ ಮೀಟರಿನಂತಾಗಿತ್ತು.

ಈ ಗಲಾಟೆಗೆ ಕಮರಿಯಾ ಹೊರಗೆ ಬರಲಿಲ್ಲ. ದಡ್ಡು ಸುಲಿದು ಹೋಗಿ ಬೆರಳು ಮೆತ್ತಗಾಗಿತ್ತು. ನಡುವಿನ ಹೂವು ಮುಗಿದು ಬಳ್ಳಿಗೆ ಬಂದಿದ್ದಳು. ಯುಸ್ನಿತಾಳಿಗೆ ಬಾಡಿಗೆಯ ದಿಂಬು ಬೇಡವೆಂದು ಹೇಳಿಯಾಗಿತ್ತು. ಮಧ್ಯೆ ಒಮ್ಮೆ ಮಾತ್ರ ಕೆಲಸ ನಿಂತಿತು. ತನ್ನ ಪಾಲಿನ ಅಂಗಳ ಗುಡಿಸಲು ದಿನದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿದೆಯಲ್ಲ ಎನ್ನಿಸಿತು. ವಯಸ್ಸು ಎಂದುಕೊಂಡಳು. ಆಮೇಲೆ ನೋಡಿದರೆ, ದಾರದ ಆಚೆ ನೆಟ್ಟಿದ್ದ ಪಂದನ್ ಗಿಡ ಈಚೆಗೆ ಬಂದಿತ್ತು. ಗಿಡ ನಡೆಯುವುದಿಲ್ಲ. ಒಂದೊಂದು ಗೇಣಿನಂತೆ ದಾರವೇ ನಡೆದಿತ್ತು.

“ಬಾಂಗ್, ಬೇರೆಯವರ ಜಾಗ ಒತ್ತುವರಿ ಮಾಡೋರನ್ನ ನೋಡಿದೀನಿ. ತಮ್ಮ ಜಾಗಾನ ಬೇರೆಯವರ ಮೇಲೆ ಒತ್ತರಿಸೋರನ್ನ ಇದೇ ಮೊದಲು ನೋಡ್ತಿರೋದು.”

ಇದ್ರಿಸ ಅಂಗೈ ಚಾಚಿದ. ಎರಡು ಗುಳ್ಳೆ, ಒಂದು ಒಡೆದಿತ್ತು. ಕಮರಿಯಾ ಹತ್ತಿರದಿಂದ ನೋಡಿದಳು. ಕೊಬ್ಬರಿ ಎಣ್ಣೆಯ ಬಾಟಲಿ ತಂದು ಅವನ ಮುಂದಿಟ್ಟಳು.

“ಹಚ್ಕೊಳ್ಳಿ. ಪೊರಕೇನ ಅಷ್ಟು ಬಿಗಿಯಾಗಿ ಹಿಡೀಬಾರದು. ಮತ್ತೆ, ಆ ಕೈಯಲ್ಲಿ ನನ್ನ ಮಖಮಲ್ ಮುಟ್ಬೇಡಿ.”

ಎದ್ದುಹೋಗಿ ದಾರವನ್ನು ಪಂದನ್ ಗಿಡದ ಈಚೆಗೆ ತಂದು ಕಟ್ಟಿದಳು.

ಮದುವೆಯ ದಿನ ಅಂಗಳದಲ್ಲಿ ಶಾಮಿಯಾನ ಎದ್ದಿತು. ದಾರ ಬಿಚ್ಚಲಿಲ್ಲ, ಯಾರೋ ಅದಕ್ಕೆ ಬಣ್ಣದ ಕಾಗದ ಕಟ್ಟಿ ಅಲಂಕಾರ ಮಾಡಿಬಿಟ್ಟಿದ್ದರು. ಹಂಡೆಗಳೆಲ್ಲ ದಾರದ ಆಚೆ ಇದ್ದುದರಿಂದ ತೊಳೆಯಲು ಗಂಡಸರು ಕೂತರು. ಹಸೆಯ ಮೇಲೆ ಯುಸ್ನಿತಾ ಕೂತಳು, ಕೂರುವ ಮೊದಲು ದಿಂಬನ್ನು ಕೈಯಿಂದ ಸವರಿ, ಸ್ವಲ್ಪ ಪಕ್ಕಕ್ಕೆ ಸರಿಸಿ, ಹೂವಿನ ಮೇಲೆ ಕೂರದೆ ಅದರ ಅಂಚಿನಲ್ಲಿ ಕೂತಳು. ದೂರ ನಿಂತಿದ್ದ ಕಮರಿಯಾಳಿಗೆ ಅಷ್ಟು ಸಾಕಾಗಿತ್ತು.

ಗಂಡಿನ ತಂದೆಗೆ ಇದ್ರಿಸ ಅಂಗಳ ಸುತ್ತಿಸಿದ. ಅವರು ಮೆಚ್ಚಿ ತಲೆದೂಗಿದರು. “ಭಾರೀ ಜಾಗ. ಎಷ್ಟಿದೆ ಇದು?”

ಇದ್ರಿಸನ ಕೈ ಜೇಬಿನ ಟೇಪಿನ ಕಡೆ ಹೋಗಿ ಹಾಗೇ ನಿಂತಿತು. “ಬೆಳಗಿನ ನಮಾಜು ಮುಗಿಸಿ ಶುರುಮಾಡಿದ್ರೆ, ಸೊಂಟ ಹಿಡ್ಕೊಳ್ಳೋವರೆಗೆ ಇದೆ,” ಎಂದ. ಆಮೇಲೆ ಅಳಿಯನನ್ನು ಹತ್ತಿರ ಕರೆದು, “ಎರಡನೇ ಹಂತದ ಮನೆಗಳ ಚೀಟಿ ಎತ್ತುತಾರಂತೆ. ನಡುವಿನದು ಬರ್ಲಿ ಅಂತ ಕೇಳ್ಕೋ” ಎಂದು ಕಿವಿಯಲ್ಲಿ ಹೇಳಿದ.

ನೆಂಟರೆಲ್ಲ ಹೋದ ಮೇಲೆ, ಎರಡು ದಿನ ಬಿಟ್ಟು, ಇದ್ರಿಸ ಕಿಟಕಿಯ ಬಳಿ ಬಂದ. ಒಳಗೆ ಚೌಕಟ್ಟಿನ ಮೇಲೆ ಹೊಸ ಮಖಮಲ್ ಬಿಗಿಯುತ್ತಿದ್ದ ಕಮರಿಯಾ ತಲೆಯೆತ್ತಲಿಲ್ಲ. ಜಬೇದಾಳ ಮೊಮ್ಮಗಳ ಮದುವೆಯ ದಿಂಬು ಅದು.

“ಮದುವೆ ಮುಗೀತಲ್ಲ, ಈ ದಾರ ಬಿಚ್ಚಿಬಿಡ್ಲಾ?” ಎಂದು ಕೇಳಿದ.

“ಬಿಚ್ಚಿದ್ರೆ ಗುಡಿಸೋದನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ನನಗೆ ಹೇಗೆ ಗೊತ್ತಾಗುತ್ತೆ ಬಾಂಗ್?”

ಇದ್ರಿಸ ದಾರದ ಕಡೆ ತಿರುಗಿದ. ಬಾದಾಮಿ ಮರ ಒಂದು ಎಲೆ ಉದುರಿಸಿತು. ಅದು ದಾರದ ಮೇಲೆ ಬಿದ್ದು, ಅತ್ತ ಇತ್ತ ತೂಗಿ, ಕಡೆಗೆ ಅವನ ಕಡೆಗೇ ಜಾರಿತು. ಅವನು ಸಡಿಲವಾಗಿದ್ದ ಗಂಟನ್ನು ಬಿಗಿ ಮಾಡಿ, ಎಲೆ ಎತ್ತಿಕೊಂಡು ಹೋದ. ಆಚೆ ತುದಿಯಿಂದ ಬಹ್ರಿನ್ ಮೇಷ್ಟರು ಕೂಗುತ್ತಿದ್ದರು: “ಇದ್ರಿಸ್, ನನ್ನ ಪೊರಕೆ ಗೆರೆ ಬಂದು ನೋಡೋ! ನೂಲು ಹಿಡಿದಂಗೆ ನೆಟ್ಟಗಿದೆ!”